ಚೆಂದಕ್ಕೆ ಬರೆದ ಕೆರೆ

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಯಾರೂ ಬಳಸದ ಇಡ್ಲಿ ಪಾತ್ರೆಯ ಹಿಂದೆ, ಹಳೆಯದೊಂದು ಉಪ್ಪಿನಕಾಯಿ ಬಾಟಲಿ ಇತ್ತು. ಅದರ ತುಂಬ ನೀಲಿ ಪುಡಿ. ಬಾಟಲಿಯ ಮೇಲೆ ಕೆಂಪು ಶಾಯಿಯಲ್ಲಿ ‘ವಿಷ’ ಎಂದು ಬರೆದ ಚೀಟಿ ಅಂಟಿಸಿತ್ತು. ಬರೆದವರು ನಮ್ಮ ಯಜಮಾನರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ನೀಲಿಯಾಗಿಯೂ ಪುಡಿಯಾಗಿಯೂ ಇರುವುದೆಲ್ಲ ಅವರ ಪಾಲಿಗೆ ಮೈಲುತುತ್ತ. ಅದು ರಂಗೋಲಿ ಪುಡಿ ಎಂದು ನಾನು ಹೇಳಿದೆ. ಅವರು ನಂಬಲಿಲ್ಲ. ರಂಗೋಲಿ ಹಾಕಲು ಬಾರದವಳ ಮನೆಯಲ್ಲಿ ರಂಗೋಲಿ ಪುಡಿ ಏಕಿರುತ್ತದೆ ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ. ಚೀಟಿ ಹಾಗೇ ಉಳಿಯಿತು. ಅದರಿಂದ ಒಂದು ಉಪಕಾರವೂ ಆಗಿದೆ. ಆ ಬಾಟಲಿಯ ಅಕ್ಕಪಕ್ಕ ನಾನು ಬಚ್ಚಿಟ್ಟ ಗೋಡಂಬಿಯನ್ನು ಇದುವರೆಗೆ ಯಾರೂ ಮುಟ್ಟಿಲ್ಲ.

ಈ ವಾರ ಆ ಬಾಟಲಿಯನ್ನು ಕೆಳಗಿಳಿಸಬೇಕಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಇಳಿಸಿದ ಮೇಲೆ ಅದರ ಧೂಳು ಒರೆಸುತ್ತ ಕೂತವಳಿಗೆ ಒಲೆಯ ಮೇಲಿನ ಹಾಲು ಮರೆತುಹೋಯಿತು. ಉಕ್ಕಿದ ಹಾಲನ್ನೂ ಒರೆಸಿದೆ, ಮಿಕ್ಕ ಕೆಲಸವನ್ನೂ ಮುಗಿಸಿ ಈಗ ಬರೆಯಲು ಕೂತಿದ್ದೇನೆ.

ರಂಗೋಲಿ ನನಗೆ ಬಾರದು ಎಂಬುದು ಮಾಂಬಳ್ಳಿಯಲ್ಲಿ ಬಹಳ ಹಿಂದೆಯೇ ತೀರ್ಮಾನವಾಗಿದ್ದ ವಿಷಯ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ನಮ್ಮಜ್ಜಿ ಬೆಳಗಿನ ಜಾವ ಬಾಗಿಲಿಗೆ ಸಗಣಿನೀರು ಹಾಕಿ ಸಾರಿಸಿ, ಸೊಂಟ ಬಗ್ಗಿಸಿ ನಿಂತರೆ ನೋಡುನೋಡುತ್ತಿದ್ದಂತೆ ನೆಲದ ಮೇಲೆ ತೇರಿನಷ್ಟು ದೊಡ್ಡ ರಂಗೋಲಿ ಎದ್ದಿರುತ್ತಿತ್ತು. ನನ್ನ ಕೈಗೆ ಪುಡಿ ಕೊಟ್ಟರೆ ಚುಕ್ಕಿಗಳು ಒಂದೊಂದೂ ಒಂದೊಂದು ಊರಿಗೆ ಹೊರಟಂತೆ ನಿಲ್ಲುತ್ತಿದ್ದವು. “ಕೋಳಿ ಕೆದರಿದ್ರೂ ಇದಕ್ಕಿಂತ ಒಂದು ಅಂದ ಇರ್ತದೆ ಕನವ್ವ” ಎಂದು ಅಜ್ಜಿ ಅಳಿಸಿಬಿಡುತ್ತಿದ್ದಳು. ಅವಳದು ಒಂದೇ ಕಾನೂನು. ಎಡಕ್ಕೊಂದು ಬಳ್ಳಿ ಎಳೆದರೆ ಬಲಕ್ಕೂ ಒಂದು ಎಳೆಯಬೇಕು. ಮೇಲೊಂದು ಹೂವಿಟ್ಟರೆ ಕೆಳಗೂ ಒಂದು. “ಒಂದ್ಕಡೆ ಬುಟ್ರೆ ಲಕ್ಷ್ಮಿ ಕುಂಟ್ಕಂಡು ಬತ್ತಾಳೆ” ಎನ್ನುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಗೆ ನೆಟ್ಟಗಾಗಲಿ ಕುಂಟಿಕೊಂಡಾಗಲಿ ಬಂದದ್ದನ್ನು ನಾನು ನೋಡಲಿಲ್ಲ. ಆದರೂ ಆ ಕಾನೂನು ತಲೆಯಲ್ಲಿ ಕೂತುಬಿಟ್ಟಿದೆ. ಇವತ್ತಿಗೂ ಗೋಡೆಯ ಮೇಲೆ ಒಂದೇ ಪಕ್ಕಕ್ಕೆ ಪಟ ತೂಗುಹಾಕಿದ್ದರೆ ನನಗೆ ಕುತ್ತಿಗೆ ನೋಯುತ್ತದೆ.

ಮಾಂಬಳ್ಳಿಯಲ್ಲಿ ನೀರಿನ ಯೋಚನೆ ಇರಲಿಲ್ಲ. ಗದ್ದೆಯಲ್ಲಿ ನೀರು, ಕಾಲುವೆಯಲ್ಲಿ ನೀರು, ಮಳೆಗಾಲದಲ್ಲಿ ಹಿತ್ತಲಲ್ಲೂ ನೀರು. ಹಾಗಾಗಿ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ನನಗೆ ನೀರಿನ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಅಪ್ಪ ಬಹಳ ನಕ್ಕರು. ನೀರಿನ ಸಂಸ್ಥೆ ಎಂದರೆ ನೀರು ಕೊಡುವ ಸಂಸ್ಥೆ ಎಂದು ನೀವು ತಿಳಿಯಬಾರದು. ನಾವು ಮಾಡುತ್ತಿದ್ದದ್ದು ನೀರಿನ ಬಗ್ಗೆ ಸಂಶೋಧನೆ, ನೀರಿನ ಬಗ್ಗೆ ಶಿಕ್ಷಣ, ನೀರಿನ ಬಗ್ಗೆ ಯೋಜನೆ. ನೀರೇ ಬೇಕು ಎನ್ನುವವರು ಬೇರೆ ಬಾಗಿಲು ತಟ್ಟಬೇಕಾಗಿತ್ತು. ನಮ್ಮ ಆಫೀಸಿನ ಮಹಡಿಯ ಮೇಲಿನ ಟ್ಯಾಂಕು ಮಾತ್ರ ದಿನಾ ಬೆಳಿಗ್ಗೆ ತುಂಬಿ ಹರಿದು ಪಕ್ಕದ ಮನೆಯವರು ಒಣಹಾಕಿದ ಹಪ್ಪಳದ ಮೇಲೆ ಬೀಳುತ್ತಿತ್ತು. ಆ ಮನೆಯಾಕೆ ಬಯ್ಯಲು ಬರುವಷ್ಟರಲ್ಲಿ ನಾವು ‘ಹನಿ ನೀರನ್ನೂ ಉಳಿಸಿ’ ಎಂಬ ಬ್ಯಾನರು ಸುತ್ತಿಕೊಂಡು ಜೀಪು ಹತ್ತಿರುತ್ತಿದ್ದೆವು.

ಸಂಶೋಧನೆಗೆ ನಮ್ಮ ಹತ್ತಿರ ಒಂದು ಉದ್ದನೆಯ ಟೇಪು ಇತ್ತು. ಅದನ್ನು ಬೋರ್‌ವೆಲ್ಲಿನೊಳಕ್ಕೆ ಬಿಡುತ್ತ ಹೋದರೆ ನೀರು ತಾಗಿದ ಕೂಡಲೇ ಮೇಲಿನ ಡಬ್ಬಿ ಪೀಂ ಎನ್ನುತ್ತದೆ. ಯಳಂದೂರಿನ ಕಡೆ ಬೇಗನೆ ಪೀಂ ಎನ್ನುತ್ತಿತ್ತು. ಹನೂರು ದಾಟಿದ ಮೇಲೆ ಟೇಪು ಮುಗಿಯುತ್ತಿತ್ತೇ ಹೊರತು ಡಬ್ಬಿ ಬಾಯಿ ಬಿಡುತ್ತಿರಲಿಲ್ಲ. ಕೌದಳ್ಳಿಯ ಹತ್ತಿರ ಒಬ್ಬ ತಾತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾದು, “ಏನಂತದವ್ವ ನಿಮ್ ಮಿಸನ್ನು?” ಎಂದು ಕೇಳಿದ.

“ಏನೂ ಅಂತಿಲ್ಲ ತಾತ.”

“ಅದ ಯೋಳಕೆ ಇಷ್ಟುದ್ದ ದಾರ ಬುಡಬೇಕಾಗಿತ್ತಾ? ನನ್ನ ಕೇಳಿದ್ರೆ ಆಗಲೇ ಯೋಳ್ತಿದ್ನಲ್ಲ” ಎಂದು ಬೀಡಿ ಹಚ್ಚಿದ. ನಾನು ಟೇಪು ಸುತ್ತಿಕೊಂಡೆ.

ಶಿಕ್ಷಣದ ಕತೆ ಇನ್ನೂ ಚೆನ್ನ. ಒಮ್ಮೆ ಗೋಪಿನಾಥಂಗೆ ಹೋಗಿದ್ದೆ. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ತಮಿಳು. ನಾನು ತರಬೇತಿಯಲ್ಲಿ ಕಲಿತದ್ದನ್ನೆಲ್ಲ, ಅಂತರ್ಜಲ ಮರುಪೂರಣ, ಜಲಸಾಕ್ಷರತೆ, ಸುಸ್ಥಿರ ಬಳಕೆ ಎಂದು ಗಂಟಲು ಒಣಗುವವರೆಗೆ ಬಡಬಡಿಸಿದೆ. ಹಿಂದೆ ಕೂತಿದ್ದ ಒಬ್ಬ ಮುದುಕಿ ಪಕ್ಕದವಳನ್ನು “ಎನ್ನ ಸೊಲ್ರಾ?” ಎಂದು ಕೇಳಿದಳು, ಏನು ಹೇಳ್ತಾಳೆ ಇವಳು ಎಂದು. ಪಕ್ಕದವಳು ಕೈಯಲ್ಲಿದ್ದ ಹುಣಸೆ ಬೀಜ ಬಿಡಿಸುತ್ತಲೇ “ತಣ್ಣಿ ವರಾದಾಂ” ಎಂದಳು. ನೀರು ಬರೋದಿಲ್ಲವಂತೆ. ನನ್ನ ಇಡೀ ಭಾಷಣವನ್ನು ಅಷ್ಟು ಚೊಕ್ಕವಾಗಿ ನಮ್ಮ ಆಫೀಸಿನಲ್ಲಿ ಯಾರೂ ಸಂಕ್ಷೇಪಿಸಿಲ್ಲ. ಆಮೇಲೆ ಬಸ್ಸು ಬಂತು. ಅಲ್ಲಿಗೆ ಬಸ್ಸು ಬರುವುದೇ ಅಪರೂಪವಾದ್ದರಿಂದ ಶಿಕ್ಷಣ ಅಲ್ಲಿಗೇ ನಿಂತಿತು.

ಇನ್ನು ಯೋಜನೆ. ಈ ಬಾಟಲಿ ನನ್ನ ಮನೆಗೆ ಬಂದದ್ದು ಅದರಿಂದಲೇ.

ನಮ್ಮ ಸಂಸ್ಥೆಯ ಮುಖ್ಯಸ್ಥರನ್ನು ನಾವು ದೊಡ್ಡ ಸಾರ್ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಎಲ್ಲಿಯೋ ಓದಿ ಬಂದವರು. ಊರಿನ ನೀರಿನ ಯೋಜನೆಯನ್ನು ಊರಿನವರೇ ಮಾಡಬೇಕು ಎಂಬುದು ಅವರ ನಂಬಿಕೆ. ಅದಕ್ಕೆ ಮೊದಲು ಊರಿನವರೇ ಊರಿನ ನಕ್ಷೆ ಬರೆಯಬೇಕು. ಗುಡಿಯ ಮುಂದಿನ ಬಯಲಲ್ಲಿ ಹೆಂಗಸರನ್ನು ಸೇರಿಸಿ, ರಂಗೋಲಿ ಪುಡಿ ಕೊಟ್ಟು, ನೆಲದ ಮೇಲೆ ಬರೆಸುವುದು. ಮನೆಗೆ ಕೆಂಪು, ಹೊಲಕ್ಕೆ ಹಸಿರು, ದಾರಿಗೆ ಹಳದಿ, ನೀರಿಗೆ ನೀಲಿ. “ಪುಡಿ ಅವರ ಕೈಗೆ ಕೊಡಿ, ನಿಮ್ಮ ಬಾಯಿಗೆ ಬೀಗ ಹಾಕಿ. ಜನರು ಬರೆದದ್ದನ್ನು ತಿದ್ದುವ ಅಧಿಕಾರ ನಮಗಿಲ್ಲ” ಎಂದು ಅವರು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಬಣ್ಣ ಕೊಂಡು ತರುವ ಕೆಲಸ ನನ್ನದು. ಯಳಂದೂರಿನ ಕಡೆಯ ಊರುಗಳಲ್ಲಿ ನೀಲಿ ಸಾಲುತ್ತಿರಲಿಲ್ಲ. ಹೊಳೆ, ಕಾಲುವೆ, ಗದ್ದೆ ಎಂದು ಬಳಿದು ಬಳಿದು ಕೊನೆಗೆ ಬಟ್ಟೆಗೆ ಹಾಕುವ ನೀಲಿಯನ್ನೂ ತಂದು ಸುರಿಯುತ್ತಿದ್ದರು. ಹನೂರಿನ ಕಡೆ ನೀಲಿಯ ಪೊಟ್ಟಣ ಒಡೆಯುವ ಅಗತ್ಯವೂ ಬೀಳುತ್ತಿರಲಿಲ್ಲ.

ಕೌದಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರು. ಹೆಸರು ಬರೆಯುವುದಿಲ್ಲ, ಕಾರಣ ನಿಮಗೇ ಗೊತ್ತಾಗುತ್ತದೆ. ಊರಿನ ನಡುವೆ ಒಂದು ದಾರಿ. ದಾರಿಯ ಬಡಗಣ ತುದಿಗೆ ಮಾರಮ್ಮನ ಗುಡಿ, ತೆಂಕಣ ತುದಿಗೆ ಶಾಲೆ. ಮೂಡಣಕ್ಕೆ ಒಂದು ಕೆರೆ. ಕೆರೆಯ ಏರಿ ಒಡೆದು ಬಹಳ ಕಾಲವಾಗಿತ್ತು. ಮಳೆ ಬಂದರೆ ನೀರು ಆ ಕಂಡಿಯಲ್ಲಿ ಕಂಡವರ ಹೊಲಕ್ಕೆಲ್ಲ ನುಗ್ಗಿ ಹೋಗುತ್ತಿತ್ತು, ಮಾರನೆಯ ವಾರ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಆ ಏರಿಯ ಕೆಳಗೆ ದುಂಡಮ್ಮನ ಹೊಲ. ಹೆಸರು ದುಂಡಮ್ಮ, ಆಳು ಒಣಗಿದ ತೊಗರಿಕಡ್ಡಿ. ಹೊಲದಲ್ಲಿ ಅವಳದೊಂದು ತೆರೆದ ಬಾವಿ. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ನೀರು, ಕೆರೆ ಬರಿದಾದರೆ ಬಾವಿಯಲ್ಲಿ ಪಾರಿವಾಳ. ಏರಿ ಒಡೆದ ಮೇಲೆ ಅವಳು ಸ್ವಂತ ಹೊಲ ಬಿಟ್ಟು ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಂತು “ಏರಿ ಕಟ್ಸಿ” ಎನ್ನುತ್ತಿದ್ದಳು. ಬೇರೆ ಮಾತೇ ಆಡುತ್ತಿರಲಿಲ್ಲ. ಅವಳು ಎದ್ದರೆ ಸಭೆ ಮುಗಿಯಿತು ಎಂದು ಜನ ಚಪ್ಪಲಿ ಹುಡುಕುತ್ತಿದ್ದರಂತೆ.

ನಕ್ಷೆ ಬರೆಯುವ ದಿನ ಪುಡಿ ಹಿಡಿದವಳೂ ಅವಳೇ. ಆ ಊರಿನಲ್ಲಿ ಅವಳ ಕೈ ಇದ್ದಾಗ ಬೇರೆಯವರು ರಂಗೋಲಿ ಮುಟ್ಟುವ ಪದ್ಧತಿ ಇರಲಿಲ್ಲ. ನಮ್ಮಜ್ಜಿ ನೆನಪಾದಳು. ದಾರಿ ಎಳೆದಳು, ಮನೆಗಳನ್ನು ಇಟ್ಟಳು. ಗುಡಿಗೆ ಒಂದು ಗೋಪುರ ಬರೆದಳು. ಮೇಲೆ ಒಂದು ಗೋಪುರ ಇದ್ದ ಮೇಲೆ ಕೆಳಗೊಂದು ಬೇಡವೇ? ಶಾಲೆಗೂ ಕೆಳಮುಖವಾಗಿ ಒಂದು ಗೋಪುರ ಬಂತು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂಡಣಕ್ಕೆ ಕೆರೆ ಬರೆದಳು, ನಡುವೆ ಎಸಳು ಬಿಚ್ಚಿದ ಕಮಲ ಒಂದನ್ನು ಇಟ್ಟಳು. ಆಮೇಲೆ ಹಿಂದಕ್ಕೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳಿಗೆ ಸಮಾಧಾನವಾಗಲಿಲ್ಲ ಎಂದು ನನ್ನ ಕುತ್ತಿಗೆ ನೋವೇ ಹೇಳುತ್ತಿತ್ತು. ಬಗ್ಗಿದಳು, ಪಡುವಣಕ್ಕೂ ಒಂದು ಕೆರೆ ಬರೆದಳು. ಅದೇ ಅಳತೆ, ಅದೇ ಕಮಲ.

ನನಗೆ ಬೀಗ ತೆಗೆಯದೆ ಇರಲಾಗಲಿಲ್ಲ. “ದುಂಡಕ್ಕ, ಆ ಕಡೆ ಕೆರೆ ಎಲ್ಲಿದೆ?”

“ಇಲ್ಲ ಕನವ್ವ.”

“ಮತ್ತೆ ಯಾಕೆ ಬರೆದೆ?”

“ಚೆಂದಕ್ಕೆ. ಒಂದ್ಕಡೆ ಕೆರೆ ಬರ್ದು ಇನ್ನೊಂದ್ಕಡೆ ಬುಟ್ರೆ ಒಂದೇ ಕಣ್ಗೆ ಕಾಡ್ಗೆ ಅಚ್ದಂಗಾಯ್ತದೆ. ನೀಲಿನೂ ಇಷ್ಟೊಂದು ಉಳ್ದದೆ, ಬಿಸಾಕಕಾಯ್ತದಾ?”

ಸುತ್ತ ನಿಂತಿದ್ದ ಹೆಂಗಸರೆಲ್ಲ ಹೌದು ಹೌದು ಎಂದರು. ನಿಜ ಹೇಳುತ್ತೇನೆ, ನೋಡಲು ಬಹಳ ಚೆಂದವಿತ್ತು. ಯಾವುದು ಏನೆಂದು ನಾನು ಬರೆದಿಟ್ಟ ಚೀಟಿಗಳನ್ನು ಗಾಳಿ ಹೊತ್ತುಕೊಂಡು ಹೋಯಿತು. ಫೋಟೊ ತೆಗೆದೆವು. ಆಮೇಲೂ ಉಳಿದ ನೀಲಿಯನ್ನು ದುಂಡಮ್ಮ ತನ್ನ ಮನೆಯ ಉಪ್ಪಿನಕಾಯಿ ಬಾಟಲಿ ತೊಳೆದು, ಒರೆಸಿ, ತುಂಬಿ ಕೊಟ್ಟಳು. “ಮಡ್ಗಿರು ಕೂಸೆ, ಯಾವತ್ತಾದ್ರೂ ಬೇಕಾಯ್ತದೆ” ಎಂದಳು.

ಆಫೀಸಿಗೆ ಬಂದು ನಾನು ಎಲ್ಲರ ಎದುರೇ ಹೇಳಿದೆ, ಪಡುವಣ ಕೆರೆ ಇಲ್ಲ, ಅದು ಚೆಂದಕ್ಕೆ ಬರೆದದ್ದು ಎಂದು. ಕಂಪ್ಯೂಟರಿನಲ್ಲಿ ನಕ್ಷೆ ಸಿದ್ಧಪಡಿಸುವ ಪ್ರದೀಪ ಅಳಿಸಲು ಹೊರಟ. ದೊಡ್ಡ ಸಾರ್ ತಡೆದರು. “ಜನರು ಬರೆದ ಕೆರೆಯನ್ನು ಅಳಿಸಲು ನಾವು ಯಾರು? ಹಿಂದೆ ಇದ್ದಿರಬೇಕು. ಮುಚ್ಚಿಹೋಗಿರಬೇಕು. ಅದು ಅವರ ನೆನಪಿನಲ್ಲಿ ಉಳಿದಿದೆ” ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ ಮೇಲಧಿಕಾರಿಗೆ ‘ಇಲ್ಲ ಸಾರ್, ಅದು ಕಾಡಿಗೆಯ ವಿಷಯ’ ಎಂದು ಹೇಳುವುದು ಹೇಗೆ? ಆದರೂ ಹೇಳಿದೆ, ಅವರು ಕೇಳಲಿಲ್ಲ. ಪ್ರದೀಪ ಕೊನೆಗೆ, “ಕಮಲಗಳನ್ನಾದರೂ ತೆಗೀಲಾ ಸಾರ್? ಪ್ರಿಂಟ್‌ನಲ್ಲಿ ಚೆನ್ನಾಗಿ ಬರಲ್ಲ” ಎಂದ. ಅದಕ್ಕೆ ಒಪ್ಪಿದರು. ಅವನು ಪಡುವಣ ಕೆರೆಯ ಕಮಲ ತೆಗೆದ. ಕರೆಂಟು ಹೋಯಿತು. ಎಲ್ಲರೂ ಟೀ ಕುಡಿಯಲು ಹೋದೆವು. ಮೂಡಣ ಕೆರೆಯ ಕಮಲವನ್ನು ತೆಗೆಯುವುದು ಅವನಿಗೆ ಮತ್ತೆ ನೆನಪಾಗಲಿಲ್ಲ.

ಉಪಗ್ರಹದ ಚಿತ್ರ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನೋಡಿದರು. ಬೇಸಿಗೆಯಲ್ಲಿ ಮೇಲಿನಿಂದ ನೋಡಿದರೆ ನಮ್ಮ ಹನೂರು ಸೀಮೆಯಲ್ಲಿ ಕೆರೆ, ಹೊಲ, ದಾರಿ ಎಲ್ಲದರದೂ ಸುಟ್ಟ ರೊಟ್ಟಿಯ ಬಣ್ಣ. ದೊಡ್ಡ ಸಾರ್ ಅದರಲ್ಲಿ ತಮಗೆ ಬೇಕಾದ ಕಡೆ ಹಳೆಯ ಕೆರೆಯ ಗುರುತು ಕಂಡುಕೊಂಡರು.

ಕೆಲವು ತಿಂಗಳ ಮೇಲೆ ಇಲಾಖೆಯಿಂದ ಮಂಜೂರಾತಿ ಬಂತು. ಆ ಊರಿಗೆ ಒಂದೇ ಕೆರೆಯ ಕೆಲಸ. ಯೋಜನೆ ಓದಿದವರು ಚಿತ್ರ ನೋಡಿದ್ದರು. ಮೂಡಣ ಕೆರೆಯಲ್ಲಿ ಕಮಲ ಅರಳಿದೆ, ಅಂದರೆ ಅದು ಸುಸ್ಥಿತಿಯಲ್ಲಿದೆ. ಪಡುವಣ ಕೆರೆಯ ನಡುವೆ, ಪ್ರದೀಪ ಕಮಲ ಕಿತ್ತ ಜಾಗದಲ್ಲಿ, ಬೆಳ್ಳಗೆ ಒಂದು ಗುಡ್ಡೆ ಉಳಿದಿತ್ತು. ಅದನ್ನು ಹೂಳು ಎಂದು ಓದಿಕೊಂಡಿದ್ದರು. ಆದ್ದರಿಂದ ಹೂಳು ತುಂಬಿದ ಪಡುವಣ ಕೆರೆಯ ಹೂಳೆತ್ತುವುದು, ಏರಿ ಭದ್ರಪಡಿಸುವುದು. ಸ್ಥಳ ನೋಡಲು ಇಂಜಿನಿಯರು ಬರುತ್ತಾರೆ, ಕೆರೆ ಸಿಗದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ.

ಸುದ್ದಿ ಹೇಳಲು ನಾನು ಊರಿಗೆ ಹೋದೆ. ಪಡುವಣದಲ್ಲಿ, ಕೆರೆ ಇರಬೇಕಾದ ಜಾಗದಲ್ಲಿ, ಗುರುಮಲ್ಲಪ್ಪನವರ ಮುಸುಕಿನ ಜೋಳ ಆಳೆತ್ತರ ನಿಂತಿತ್ತು. ಗುರುಮಲ್ಲಪ್ಪನವರು ಊರಿನ ಯಜಮಾನರು, ದೊಡ್ಡ ಹೊಲದವರು, ಹಣೆಯ ತುಂಬ ವಿಭೂತಿ. ಗುಡಿಯ ಮುಂದೆ ಎಲ್ಲರ ಎದುರು ಅವರು ದುಂಡಮ್ಮನನ್ನು ಹಿಡಿದು ನಿಲ್ಲಿಸಿಕೊಂಡರು.

“ಏನಮ್ಮಿ ದುಂಡಿ, ನನ್ ಜ್ವಾಳದ ಒಲದಾಗೆ ಕಮಲ ಬುಡ್ಸೀಯಾ? ಏರಿ ಕಟ್ಸಿ ಏರಿ ಕಟ್ಸಿ ಅಂತ ವರ್ಸಾನ್‌ಗಟ್ಲೆ ನಮ್ ತಲೆ ತಿಂದೆ. ಕೆಲ್ಸ ಬಂದಾಗ ನಿನ್ ಚೆಂದಕ್ಕೆ ಬಲಿ ಕೊಟ್ಬುಟ್ಟಲ್ಲ.”

ದುಂಡಮ್ಮ ಕುಡುಗೋಲು ಎತ್ತಿಕೊಂಡು ಕಂಡವರ ಹೊಲಕ್ಕೆ ಹೊರಟಳು. ನಲ್ಲಿಯ ಹತ್ತಿರ ಹೆಂಗಸರೂ ಅವಳನ್ನು ಬಿಟ್ಟು ಮಾತಾಡತೊಡಗಿದ್ದರು. ಅವತ್ತು ಹೌದು ಹೌದು ಎಂದಿದ್ದ ಹೆಂಗಸರೇ. ಸಂಜೆ ಬಸ್ಸಿಗೆ ಕಾಯುವಾಗ ಅವಳು ನನ್ನ ಪಕ್ಕ ಬಂದು ಕೂತಳು. “ನನ್ ಬಾವಿ ನಾನೇ ಮುಚ್ಕಂಡಂಗಾಯ್ತು ಕೂಸೆ” ಎಂದಳು. ನನಗೆ ಬಹಳ ಸಂಕಟವಾಯಿತು. ಅವಳನ್ನು ಸಮಾಧಾನ ಮಾಡಲು ನನ್ನ ಜಲಸಾಕ್ಷರತೆಯ ತರಬೇತಿಯಲ್ಲಿ ಒಂದು ಮಾತೂ ಇರಲಿಲ್ಲ. ನನ್ನ ಕೈಯಲ್ಲಿದ್ದ ನಕ್ಷೆಯ ಹಾಳೆ ಕೊಡೆಂದು ಕೇಳಿದಳು, ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ನೋಡಿದಳು. “ಎತ್ತಗಿಂದ ನೋಡಿದ್ರೂ ಚೆಂದಾಗೇ ಅದೆ” ಎಂದು ವಾಪಸು ಕೊಟ್ಟಳು. ಇಷ್ಟಾದರೂ ಇವಳಿಗೆ ಚೆಂದದ ಹುಚ್ಚು ಬಿಡಲಿಲ್ಲವಲ್ಲ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಇಂಜಿನಿಯರು ಬಂದದ್ದು ಒಂದು ಉರಿಬಿಸಿಲಿನ ಮಧ್ಯಾಹ್ನ. ಸಂಸ್ಥೆಯ ಪರವಾಗಿ ನಾನು ಇದ್ದೆ. ದೊಡ್ಡ ಸಾರ್ ಅವತ್ತು ಎಲ್ಲಿಯೋ ಸಹಭಾಗಿತ್ವದ ಬಗ್ಗೆ ಭಾಷಣ ಮಾಡುತ್ತಿದ್ದರು. ಊರೇ ಮಾರಮ್ಮನ ಗುಡಿಯ ಮುಂದೆ ಸೇರಿತ್ತು. ಇಂಜಿನಿಯರು ಜೀಪಿನಿಂದಿಳಿದು, ಬೆವರು ಒರೆಸಿಕೊಂಡು, ನಕ್ಷೆಯ ಬಣ್ಣದ ಹಾಳೆಯನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು, “ಎಲ್ಲಿ ನಿಮ್ಮ ಪಡುವಣ ಕೆರೆ?” ಎಂದರು.

ಗುರುಮಲ್ಲಪ್ಪನವರು ಕೈಮುಗಿದರು. “ಸಾ, ಅದು ಏನಾಯ್ತು ಅಂದ್ರೆ...”

“ನೀರು ಕುಡೀರಿ ಸಾ ಮದ್ಲು” ಎಂದು ದುಂಡಮ್ಮ ಅಡ್ಡ ಬಂದಳು. ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವುದು ನಮ್ಮ ಸೀಮೆಯ ರೂಢಿ, ನೀರಿಲ್ಲದ ಊರಲ್ಲಿ ಇನ್ನೂ ಹೆಚ್ಚು. ಅವಳು ತಂದಿದ್ದದ್ದು ಲೋಟವಲ್ಲ, ತುಂಬಿ ತುಳುಕುವ ದೊಡ್ಡ ತಂಬಿಗೆ. ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ. ಇಂಜಿನಿಯರು ಹಾಳೆಯನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ದುಂಡಮ್ಮ ಕೈಚಾಚಿ ಇಸಿದುಕೊಂಡಳು. ಅವರು ತಲೆಯೆತ್ತಿ ಗಟಗಟನೆ ನೀರು ಕುಡಿದರು. ತಂಬಿಗೆ ವಾಪಸು ಕೊಟ್ಟು ಕೈ ನೀಡಿದರು. ದುಂಡಮ್ಮ ಬಹಳ ಮರ್ಯಾದೆಯಿಂದ, ಎರಡೂ ಕೈಯಲ್ಲಿ, ಹಾಳೆ ಕೊಟ್ಟಳು.

ತಲೆಕೆಳಗು ಮಾಡಿ ಕೊಟ್ಟಳು.

ಹಾಳೆಯ ಮೇಲೆ ಒಂದಕ್ಷರವಿರಲಿಲ್ಲ, ಚೀಟಿಗಳನ್ನು ಗಾಳಿ ಒಯ್ದಿತ್ತಲ್ಲ. ಮೇಲೊಂದು ಗೋಪುರ, ಕೆಳಗೊಂದು ಗೋಪುರ, ನಡುವೆ ದಾರಿ, ಎರಡು ಪಕ್ಕಕ್ಕೆ ಎರಡು ಕೆರೆ. ಯಾವ ಕಡೆ ಹಿಡಿದರೂ ಅದೇ ಊರು. ಒಂದೇ ವ್ಯತ್ಯಾಸ, ಈಗ ಹೂಳಿನ ಕೆರೆ ಮೂಡಣಕ್ಕೆ ಬಂದಿತ್ತು, ಕಮಲದ ಕೆರೆ ಪಡುವಣಕ್ಕೆ ಹೋಗಿತ್ತು.

ಇಂಜಿನಿಯರು ಹಾಳೆ ನೋಡಿದರು, ಗುಡಿ ನೋಡಿದರು, ಮೂಡಣಕ್ಕೆ ತಿರುಗಿದರು. ಅಲ್ಲಿ ಒಡೆದ ಏರಿ ಎದ್ದು ಕಾಣುತ್ತಿತ್ತು. “ಓ, ಅದೇ ಅಲ್ವಾ? ಪೂರ್ತಿ ಹಾಳಾಗಿದೆಯಲ್ರೀ” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ ಮಂಜೂರಾತಿಯ ಕಾಗದ ತೆಗೆದರು. “ಇದರಲ್ಲಿ ಪಡುವಣ ಅಂತಿದೆ. ಇದು ಮೂಡಣ ಅಲ್ವೇನ್ರೀ?”

ಊರಿಗೆ ಊರೇ ನನ್ನ ಕಡೆ ನೋಡಿತು. ದುಂಡಮ್ಮ ಮಾತ್ರ ನೋಡಲಿಲ್ಲ, ಖಾಲಿ ತಂಬಿಗೆಯ ತಳ ನೋಡುತ್ತಿದ್ದಳು. ನನಗೂ ಒಂದು ತಂಬಿಗೆ ನೀರು ಬೇಕಾಗಿತ್ತು.

“ರಂಗೋಲಿಗೆ ಮೇಲೆ ಕೆಳಗೆ ಅಂತ ಇರಲ್ಲ ಸಾರ್” ಎಂದೆ. “ನಮ್ಮ ಆಫೀಸಿನಲ್ಲಿ ತಲೆಕೆಳಗೆ ಹಿಡಿದು ಓದಿರಬೇಕು.”

ಅಷ್ಟು ವರ್ಷದ ಕೆಲಸದಲ್ಲಿ ನಾನು ಆಡಿದ ಉಪಯೋಗದ ಮಾತು ಅದೊಂದೇ. ಅದರ ಮೊದಲ ಅರ್ಧ ಸತ್ಯವೂ ಹೌದು. ಎರಡನೆಯ ಅರ್ಧವನ್ನು ಇಂಜಿನಿಯರು ಯಾವ ಕಷ್ಟವೂ ಇಲ್ಲದೆ ನಂಬಿದರು. ನಮ್ಮಂಥ ಆಫೀಸುಗಳನ್ನು ಅವರು ಬಹಳ ನೋಡಿದ್ದರೆಂದು ಕಾಣುತ್ತದೆ. ಪಡುವಣ ಎಂಬುದನ್ನು ಹೊಡೆದು ಮೂಡಣ ಎಂದು ಬರೆದು ಸಹಿ ಹಾಕಿದರು. ಗುರುಮಲ್ಲಪ್ಪನವರು ಉಸಿರು ಬಿಟ್ಟದ್ದು ನನ್ನ ಕಿವಿಗೆ ಕೇಳಿಸಿತು.

ಜೀಪಿನ ಕಡೆ ಹೊರಟವರು ನಿಂತರು. “ಹಾಗಾದ್ರೆ ಆ ಇನ್ನೊಂದು ಕೆರೆ?”

“ಅದು ಚೆನ್ನಾಗದೆ ಸಾ” ಎಂದಳು ದುಂಡಮ್ಮ. “ಕಮಲ ಅದೆಯಲ್ಲ, ನೀವೇ ನೋಡ್ತಾ ಇದ್ದೀರಿ. ಅದ್ಕೆ ಒಂದು ಗುದ್ಲಿನೂ ತಾಕಿಸ್ಬ್ಯಾಡಿ.”

“ಒಂದ್ಸಲ ನೋಡ್ಕೊಂಡು ಬರೋಣವಾ?”

“ಓಗಕೆ ದಾರಿ ಇಲ್ಲ ಸಾ. ನಾವೂ ಯಾರೂ ಓಗಾಕಿಲ್ಲ.”

ಇಂಜಿನಿಯರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಪಡುವಣದ ಜೋಳದ ಹೊಲ ನೋಡಿದರು. ಅವರಿಗೆ ಏನು ಹೊಳೆಯಿತೋ ಏನು ಹೊಳೆಯಲಿಲ್ಲವೋ ನಾನರಿಯೆ. “ಅಷ್ಟು ಚೆನ್ನಾಗಿರೋದನ್ನ ನಾವು ಹೋಗಿ ಯಾಕೆ ಕೆಡಿಸಬೇಕು ಬಿಡಿ” ಎಂದು ಜೀಪು ಹತ್ತಿದರು.

ಏರಿ ಕಟ್ಟಿದರು. ದೊಡ್ಡ ಸಾರ್‌ಗೆ ವಿಷಯ ಹೇಳಿದಾಗ ಅವರು ಹಾಳೆ ತಿರುಗಿಸಿ ನೋಡಿ, ಜನರ ಜ್ಞಾನಕ್ಕೆ ದಿಕ್ಕುಗಳ ಹಂಗಿಲ್ಲ ಎಂದು ಹೊಸದೊಂದು ಲೇಖನ ಶುರು ಮಾಡಿದರು. ಆಮೇಲೆ ನಮ್ಮ ಯೋಜನೆ ಮುಗಿಯಿತು, ಅದರ ಜೊತೆಗೆ ನನ್ನ ಕೆಲಸವೂ ಮುಗಿಯಿತು. ಆಫೀಸಿನಿಂದ ನಾನು ಮನೆಗೆ ತಂದದ್ದು ಈ ಬಾಟಲಿಯೊಂದನ್ನೇ. ಆಫೀಸು ಮುಚ್ಚಿತು, ಅದರ ಪಕ್ಕದ ಮನೆಯಾಕೆ ಈಗ ನಿಶ್ಚಿಂತೆಯಿಂದ ಹಪ್ಪಳ ಒಣಗಿಸುತ್ತಾಳೆ.

ಈ ವಾರ ದುಂಡಮ್ಮ ಫೋನ್ ಮಾಡಿದ್ದಳು. “ಕೂಸೆ, ಇನ್ನೊಂದು ಆಪೀಸ್ನೋರು ಬಂದವ್ರೆ. ಮತ್ತೆ ನಕ್ಸೆ ಬರೀಬೇಕಂತೆ. ಬಣ್ಣ ತಂದವ್ರೆ, ಆದ್ರೆ ನೀಲಿ ಒಂದೇ ಪೊಟ್ಣ ತಂದವ್ರೆ ಕನವ್ವ. ನಿನ್ತಾವ ಆ ಬಾಟ್ಲು ಅದಾ?”

“ಇದೆ. ನೋಡು ದುಂಡಕ್ಕ, ಈ ಸಲ ಇಲ್ಲದ ಕೆರೆ ಬರೀಬೇಡ.”

“ಬರೀದೆ ಇರಕಾಯ್ತದಾ? ಸರ್ಕಾರದ ಲೆಕ್ಕದಾಗೆ ಅದು ಅದೆಯಲ್ಲ. ಬುಟ್ರೆ ಎಲ್ಲೋಯ್ತು ಅಂತ ಕೇಳ್ತಾರೆ. ಅದ್ಕೆ ಕಮಲ ಜಾಸ್ತಿ ಆಕ್ತೀನಿ, ಯಾರೂ ಗುದ್ಲಿ ಇಡ್ಕಂಡು ಬರ್ದಂಗೆ. ಗುರುಮಲ್ಲಪ್ನೋರೇ ಯೋಳವ್ರೆ.”

“ಸರಿ, ಅದಕ್ಕೆ ಸ್ವಲ್ಪ ತರ್ತೀನಿ.”

“ಸ್ವಲ್ಪ ಅಲ್ಲ, ಬಾಟ್ಲು ಪೂರ್ತಾ ತಕಂಬಾ. ಅದು ಆ ಕಡೇದ್ಕಲ್ಲ ಕೂಸೆ.” ಫೋನಿನಲ್ಲಿ ಏನೋ ಸದ್ದು ಕೇಳುತ್ತಿತ್ತು. ಅವಳು ಫೋನನ್ನು ಆ ಸದ್ದಿನ ಕಡೆ ಹಿಡಿದಿದ್ದಾಳೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೇಳಿದಳು, “ನಮ್ ಕೆರೆ ತುಂಬಿ ಕ್ವಾಡಿ ಬಿದ್ದದೆ. ಬಾವಿಗೆ ಬಗ್ಗಿ ಚೊಂಬಲ್ಲೇ ಮೊಗೀಬೌದು. ನಮ್ದ ಬರಿಯಾಕೇ ಒಂದ್ ಪೊಟ್ಣ ಸಾಲಾಕಿಲ್ಲ.”

ಪೂರ್ತಿ ತರುತ್ತೇನೆಂದು ಫೋನಿಟ್ಟೆ. ಇನ್ನೊಂದು ಮಾತಾಡಿದ್ದರೂ ದೊಡ್ಡ ಸಾರ್ ತರಹ ಕಣ್ಣು ತುಂಬಿಬಿಡುತ್ತಿತ್ತು.

ಮಾರನೆಯ ಬೆಳಿಗ್ಗೆ ಬಾಟಲಿಯನ್ನು ಚೀಲಕ್ಕೆ ಹಾಕುತ್ತಿರುವಾಗ ನಮ್ಮ ಯಜಮಾನರು ನೋಡಿದರು. “ಆ ವಿಷ ತಗೊಂಡು ಎಲ್ಲಿಗೆ ಹೊರಟೆ?” ಎಂದರು.

“ಕೆರೆಗೆ ಹಾಕೋಕೆ” ಎಂದೆ. ಹನೂರಿನ ಬಸ್ಸಿಗೆ ಹೊತ್ತಾಗಿತ್ತು, ವಿವರಿಸಲು ನಿಲ್ಲಲಿಲ್ಲ.